ಸಾಗರದ ಸಂತೆಗೆ ಬಂದ ರೋಮಿನವನು

ಹುಲಿಕಲ್ಲಿನ ಹೆಸರು ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಮಳೆಗಾಲದಲ್ಲಿ. ಆಗುಂಬೆಯನ್ನೂ ಹಿಂದೆ ಹಾಕಿದ ಮಳೆ ಎಂದು ಅಂಕಿ ಅಂಶಗಳ ಸಹಿತ ಸುದ್ದಿ ಬರುತ್ತದೆ. ಉಳಿದ ದಿನಗಳಲ್ಲಿ ಅದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರು. ಘಟ್ಟ ಇಳಿದು ಕುಂದಾಪುರದ ಕಡೆಗೆ ಹೋಗುವ ವಾಹನಗಳು ಚಂಡಿಕಾಂಬೆಯ ಗುಡಿಯೆದುರು ಒಂದು ಗಳಿಗೆ ನಿಂತು, ಕಾಣಿಕೆ ಹಾಕಿ, ಕೈ ಮುಗಿದು, ಮುಂದಿನ ತಿರುವುಗಳಿಗೆ ಸಿದ್ಧವಾಗುತ್ತವೆ.

ಈ ಕಡೆಯ ಮನೆಗಳ ಮಕ್ಕಳು ಈಗ ಘಟ್ಟ ಇಳಿದು ಕುಂದಾಪುರದಲ್ಲೇ ನಿಲ್ಲುವುದಿಲ್ಲ. ಓದು, ಕೆಲಸ, ಪ್ರವಾಸ ಎಂದು ದುಬೈ, ಸಿಂಗಪುರ, ಲಂಡನ್ನುಗಳವರೆಗೂ ಹೋಗುತ್ತಾರೆ. ಭಾನುವಾರ ಸಂಜೆ ಫೋನು ಬರುತ್ತದೆ. "ಇವತ್ತು ಏನು ಮಾಡಿದೆ ಮಾಣಿ?" ಎಂದು ತಾಯಿ ಕೇಳುತ್ತಾಳೆ. "ಸುಮ್ನೆ ಊರು ಸುತ್ತಿದೆ ಆಯಿ. ಸ್ವಲ್ಪ ಶಾಪಿಂಗು." ಅಲ್ಲಿಗೆ ಮಾತು ಮುಗಿಯುತ್ತದೆ. ಆಮೇಲೆ ಪಟಗಳು ಬರುತ್ತವೆ. ಎತ್ತರದ ಕಟ್ಟಡದ ಮುಂದೆ ಮಗ, ಗಾಜಿನ ಅಂಗಡಿಯ ಮುಂದೆ ಮಗ, ಐಸ್‌ಕ್ರೀಮ್ ಹಿಡಿದ ಮಗ. ಊರು ಮಾತ್ರ ಎಲ್ಲಿಯೂ ಸರಿಯಾಗಿ ಕಾಣುವುದಿಲ್ಲ. ಮಗನೇ ಅಡ್ಡ ನಿಂತಿರುತ್ತಾನೆ.

ಪರದೇಶದ ಊರಿನಲ್ಲಿ ಒಂದು ದಿನವನ್ನು ಹೇಗೆ ಕಳೆಯಬೇಕು ಎಂಬುದು ನೋಡಲಿಕ್ಕೆ ಸಣ್ಣ ಪ್ರಶ್ನೆ. ಅದಕ್ಕೆ ಒಂದು ಹಳೆಯ, ಒಳ್ಳೆಯ ಉತ್ತರ ಈ ಮೂರು ತಾಲ್ಲೂಕುಗಳ ನೆಲದಲ್ಲಿಯೇ ಇದೆ. ಆ ಉತ್ತರದಲ್ಲಿ ಪರದೇಶದ ಊರು ಲಂಡನ್ನೂ ಅಲ್ಲ, ರೋಮೂ ಅಲ್ಲ. ನಮ್ಮ ಇಕ್ಕೇರಿ ಮತ್ತು ಸಾಗರ. ಸುತ್ತಿದವನು ರೋಮಿನವನು. ದಿನ 1623ನೆಯ ಇಸವಿಯ ನವೆಂಬರ್ 12. ಅದೂ ಭಾನುವಾರವೇ.

ಆತನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮ್ ನಗರದ ಸಿರಿವಂತ ಮನೆತನದಲ್ಲಿ 1586ರಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್ಸಿನಲ್ಲಿ ಹಡಗು ಹತ್ತಿ ಜೆರೂಸಲೇಮಿನ ಯಾತ್ರೆಗೆಂದು ಹೊರಟ. ತುರ್ಕಿ, ಈಜಿಪ್ಟ್ ಸುತ್ತಿ ಯಾತ್ರೆ ಮುಗಿಸಿದರೂ ಮನೆಗೆ ಹಿಂದಿರುಗುವ ಮನಸ್ಸಾಗಲಿಲ್ಲ. ಬಾಗ್ದಾದ್, ಪರ್ಷಿಯಾ ಎಂದು ಮುಂದೆ ಮುಂದೆ ಹೋದ. ಹೋದಲ್ಲಿ ಭಾಷೆ ಕಲಿತ. ತುರ್ಕಿ, ಅರಬ್ಬಿ, ಪಾರ್ಸಿ ಮಾತುಗಳು ಆತನಿಗೆ ಬರುತ್ತಿದ್ದವು. ಕಂಡದ್ದನ್ನೆಲ್ಲ ನೇಪಲ್ಸ್ ನಗರದಲ್ಲಿದ್ದ ಮಾರಿಯೊ ಸ್ಕಿಪಾನೊ ಎಂಬ ವೈದ್ಯ ಗೆಳೆಯನಿಗೆ ಉದ್ದುದ್ದ ಪತ್ರಗಳಲ್ಲಿ ಬರೆದು ಕಳಿಸಿದ. ಆ ಪತ್ರಗಳೇ ಮುಂದೆ ಪುಸ್ತಕವಾದವು. ಭಾರತದ ಭಾಗವು ಇಟಲಿ ಭಾಷೆಯಲ್ಲಿ 1663ರಲ್ಲಿ ಅಚ್ಚಾಯಿತು. ಒಂದೆರಡು ವರ್ಷಗಳಲ್ಲೇ ಇಂಗ್ಲಿಷಿಗೂ ಬಂತು.

ಬಾಗ್ದಾದಿನಲ್ಲಿ 1616ರಲ್ಲಿ ಆತ ಸಿತ್ತಿ ಮಾನಿ ಎಂಬ ಕ್ರೈಸ್ತ ಯುವತಿಯನ್ನು ಮದುವೆಯಾದ. ಆಕೆಯೂ ಗಂಡನೊಡನೆ ದೇಶ ಸುತ್ತಿದಳು. 1621ರ ಕೊನೆಯಲ್ಲಿ ಹೊರ್ಮುಜ್ ಬಳಿಯ ಊರೊಂದರಲ್ಲಿ ಜ್ವರ ಬಂದು ತೀರಿಕೊಂಡಳು. ಪಿಯೆತ್ರೊ ಆಕೆಯನ್ನು ಅಲ್ಲಿ ಮಣ್ಣು ಮಾಡಲು ಒಪ್ಪಲಿಲ್ಲ. ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ತನ್ನ ಸಾಮಾನಿನ ಜೊತೆಯಲ್ಲಿ ಭಾರತಕ್ಕೂ ತಂದ. ಕೊನೆಗೆ ಆಕೆಗೆ ಮಣ್ಣು ಸಿಕ್ಕಿದ್ದು 1626ರಲ್ಲಿ ರೋಮಿನಲ್ಲಿ, ಆತನ ಮನೆತನದ ಸಮಾಧಿಯಲ್ಲಿ. ಇಕ್ಕೇರಿಯ ಬೀದಿಯಲ್ಲಿ ತಿರುಗಾಡಿದ ಮನುಷ್ಯ ಹೆಂಡತಿಯನ್ನು ಕಳೆದುಕೊಂಡು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆತನಿಗೆ ವಯಸ್ಸು 37. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನ ಸಂಗತಿ ಅರ್ಥವಾಗುತ್ತದೆ.

ಆಗ ಇಕ್ಕೇರಿಯಲ್ಲಿ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಕೆಳದಿಯ ಅರಸು ಮನೆತನಕ್ಕೆ ಕರಾವಳಿಯ ಉದ್ದಕ್ಕೂ ಹೆಸರು ತಂದವನು. ಘಟ್ಟದ ಮೇಲಿನ ಕಾಳುಮೆಣಸು ಆತನ ಕೈಯಲ್ಲಿತ್ತು. ಅದನ್ನು ಕೊಳ್ಳುವ ಪೋರ್ಚುಗೀಸರು ಗೋವೆಯಲ್ಲಿದ್ದರು. 1622ರಲ್ಲಿ ಪರ್ಷಿಯಾದವರೂ ಇಂಗ್ಲಿಷರೂ ಸೇರಿ ಹೊರ್ಮುಜ್ ಕೋಟೆಯನ್ನು ಕಿತ್ತುಕೊಂಡ ಮೇಲೆ ಪೋರ್ಚುಗೀಸರ ಬಲ ತಗ್ಗಿತ್ತು. ಇಂಥ ಹೊತ್ತಿನಲ್ಲಿ ನಾಯಕನನ್ನು ಒಲಿಸಿಕೊಳ್ಳಬೇಕಲ್ಲ! ಗೋವೆಯಿಂದ ರಾಯಭಾರಿಯೊಬ್ಬ ಇಕ್ಕೇರಿಗೆ ಹೊರಟ. ನಾಯಕನ ಪರವಾಗಿ ಗೋವೆಗೆ ಹೋಗಿದ್ದ ವಿಠಲ ಶೆಣೈ ಎಂಬಾತನೂ ಜೊತೆಯಲ್ಲಿ ಹಿಂದಿರುಗಿದ. ಪಿಯೆತ್ರೊ ಅವರ ಬೆನ್ನು ಹತ್ತಿದ. ಆತನಿಗೆ ಮೆಣಸಿನ ವ್ಯವಹಾರವಿರಲಿಲ್ಲ, ಸರಕಾರದ ಕೆಲಸವೂ ಇರಲಿಲ್ಲ. ಹಿಂದೂ ಅರಸನೊಬ್ಬನ ರಾಜಧಾನಿಯನ್ನು ಕಣ್ಣಾರೆ ನೋಡಬೇಕು, ಅಷ್ಟೇ.

ಹೊನ್ನಾವರದವರೆಗೆ ಹಡಗು, ಶರಾವತಿಯಲ್ಲಿ ಗೇರುಸೊಪ್ಪೆಯವರೆಗೆ ದೋಣಿ, ಅಲ್ಲಿಂದ ಮೇಲೆ ಘಟ್ಟದ ದಾರಿ. ಹುಲಿಕಲ್ಲಿನ ಕಡೆಯ ದಾರಿಗೆ ಆಗಿನ್ನೂ ರಾಜಮಾರ್ಗದ ಪಟ್ಟ ಸಿಕ್ಕಿರಲಿಲ್ಲ. ಇನ್ನು ಹದಿನೈದು ಹದಿನಾರು ವರ್ಷಗಳ ಮೇಲೆ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಬಂದ ಮೇಲೆಯೇ ಈ ಕಡೆಯ ಘಟ್ಟಗಳಲ್ಲಿ ಹೇರೆತ್ತುಗಳ ಗಂಟೆಯ ಸದ್ದು ಹೆಚ್ಚಿದ್ದು.

ಇಕ್ಕೇರಿ ಆತನಿಗೆ ಹೇಗೆ ಕಂಡಿತು? ಬಯಲಿನಲ್ಲಿ ಹರಡಿಕೊಂಡ ಊರು. ಸುತ್ತ ಒಂದರೊಳಗೊಂದು ಮೂರು ಆವರಣಗಳು. ಆದರೆ ಅವುಗಳಲ್ಲಿ ಮೊದಲ ಎರಡು ಗೋಡೆಗಳಲ್ಲ, ಒತ್ತೊತ್ತಾಗಿ ಬೆಳೆಸಿದ ಎತ್ತರದ ಬಿದಿರ ಮೆಳೆ. ಕುದುರೆಯಾಗಲಿ ಕಾಲಾಳಾಗಲಿ ಅದನ್ನು ನುಗ್ಗಿ ಬರುವಂತಿಲ್ಲ. ಒಳಗೆ ಹೋದರೆ ಮನೆಗಳು ಅಲ್ಲೊಂದು ಇಲ್ಲೊಂದು. ಕಟ್ಟಡಗಳೂ ಸಾಧಾರಣ ಎಂದು ಆತ ಮೂಗು ಮುರಿಯುತ್ತಾನೆ. ರೋಮಿನ ಅಮೃತಶಿಲೆಯ ನಡುವೆ ಬೆಳೆದವನಿಗೆ ಮಣ್ಣಿನ ಗೋಡೆ ಹೇಗೆ ರುಚಿಸೀತು? ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತು ಬರೆಯುತ್ತಾನೆ. ಉದ್ದನೆಯ ಅಗಲ ಬೀದಿಗಳು, ಅವುಗಳ ಮೇಲೆ ನೆರಳು ಚೆಲ್ಲುವ ದೊಡ್ಡ ಮರಗಳು, ನಡುನಡುವೆ ಕೆರೆಗಳು, ಗದ್ದೆ, ತೋಪು. ಊರು, ನೀರು, ಹೊಲ, ಕಾಡು ಎಲ್ಲ ಒಂದರೊಳಗೊಂದು ಬೆರೆತುಕೊಂಡಿರುವ ಈ ನೋಟ ಕಣ್ಣಿಗೆ ಬಲು ಹಿತ ಎಂಬುದು ಆತನ ಅಭಿಪ್ರಾಯದ ಸಾರ. ಮಲೆನಾಡಿನ ಊರು ಎಂದರೇನು ಎಂಬುದನ್ನು ಆತ ಎರಡು ವಾರದೊಳಗೆ ಹಿಡಿದುಬಿಟ್ಟಿದ್ದ.

ನವೆಂಬರ್ 12ರಂದು ಆತ ಇಕ್ಕೇರಿಯಿಂದ ಹೊರಟು ಸಾಗರ ನೋಡಲು ಹೋದ. ಎರಡೂ ಊರಿಗೆ ಈಗ ಆರು ಕಿಲೋಮೀಟರಿನಷ್ಟು ಅಂತರ. ದಾರಿ ಸಮತಟ್ಟು, ಅಗಲ, ಹೆಚ್ಚು ಕಡಿಮೆ ನೇರ. ಅಲ್ಲಲ್ಲಿ ದಟ್ಟ ಮರಗಳ ನೆರಳು. ನಾಯಕ ಹೊಸದಾಗಿ ಕಟ್ಟಿಸುತ್ತಿರುವ ಪಟ್ಟಣ ಎಂದು ಸಾಗರದ ಬಗ್ಗೆ ಆತ ಕೇಳಿದ್ದ. ಆಗಲೇ ಜನ ನೆಲೆಸಿದ್ದರು. ಅರಮನೆ ಮುಗಿದಿತ್ತು. ದೊಡ್ಡದೊಂದು ಕೆರೆ, ಅದರ ಮೇಲೊಂದು ದೇವಸ್ಥಾನ. ಆನೆಗಳ ಲಾಯದಲ್ಲಿ ಎಂಬತ್ತಕ್ಕೂ ಹೆಚ್ಚು ಆನೆಗಳಿದ್ದವು ಎಂದು ಬರೆದಿದ್ದಾನೆ. ಇಂದು ಗಣಪತಿ ಕೆರೆಯ ಏರಿಯ ಮೇಲೆ ವಾಹನ ಓಡಿಸುವ ಸಾಗರದ ಜನ ತಮ್ಮ ಊರಿನ ಈ ಬಾಲ್ಯದ ಚಿತ್ರವನ್ನು ಒಮ್ಮೆ ನೆನೆಯಬಹುದು.

ಅವತ್ತು ಸಾಗರದಲ್ಲಿ ಸಂತೆ. ಭಾನುವಾರ ಸಾಗರದಲ್ಲಿ, ಶುಕ್ರವಾರ ಇಕ್ಕೇರಿಯಲ್ಲಿ ಎಂದು ಆತ ವಾರವನ್ನೂ ಗುರುತು ಹಾಕಿಕೊಂಡಿದ್ದಾನೆ. ಜನ ಕಿಕ್ಕಿರಿದು ಸೇರಿದ್ದರು. ಆದರೆ ಕೊಳ್ಳಲು ಏನಿತ್ತು? ಊಟದ ಪದಾರ್ಥ, ಉಡುವ ಬಟ್ಟೆ. ಈ ದೇಶದವರಿಗೆ ಬೇಕಾದಷ್ಟೇ, ಈ ದೇಶದವರ ರೀತಿಯದೇ. ಬೇರೇನೂ ಇರಲಿಲ್ಲ ಎಂದು ಸಪ್ಪೆಯಾಗಿ ಬರೆದು ಮುಗಿಸುತ್ತಾನೆ.

ಈ ಸಪ್ಪೆ ಮಾತಿನಲ್ಲಿ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಒಳ್ಳೆಯ ಒಗಟಿದೆ. ಯುರೋಪಿನ ಹಡಗುಗಳು ಅರ್ಧ ಭೂಮಿ ಸುತ್ತಿ ಬರುತ್ತಿದ್ದುದು ಈ ಬೆಟ್ಟಗಳ ಮೆಣಸಿಗಾಗಿ. ಇಕ್ಕೇರಿಯ ಹೆಸರಿನ ವರಹವೆಂಬ ಚಿನ್ನದ ನಾಣ್ಯ ದೂರದೂರದವರೆಗೆ ಚಲಾವಣೆಯಲ್ಲಿತ್ತು. ರಾಜಧಾನಿ ಬದಲಾದ ಮೇಲೂ ಆ ಹೆಸರು ಅಳಿಯಲಿಲ್ಲ. ಅಂಥ ಸಂಸ್ಥಾನದ ಸಂತೆಯಲ್ಲಿ ಅಕ್ಕಿ, ಬಟ್ಟೆ ಬಿಟ್ಟರೆ ಪರದೇಶಿಯ ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ! ಕಾರಣ ಕಷ್ಟದ್ದೇನಲ್ಲ. ಮೆಣಸಿನ ದೊಡ್ಡ ವ್ಯಾಪಾರ ನಡೆಯುತ್ತಿದ್ದುದು ಅರಮನೆಗೂ ಗೋವೆಗೂ ನಡುವೆ, ರಾಯಭಾರಿಗಳ ಮೂಲಕ, ಕರಾರು ಪತ್ರಗಳ ಮೇಲೆ. ಸಂತೆ ನಡೆಯುತ್ತಿದ್ದುದು ಒಕ್ಕಲಿಗೂ ಒಕ್ಕಲಿಗೂ ನಡುವೆ. ನಾಡಿನ ಸಂಪತ್ತು ಒಂದು ದಾರಿಯಲ್ಲಿ ಹರಿಯುತ್ತದೆ, ಜನರ ಅಗತ್ಯ ಇನ್ನೊಂದು ದಾರಿಯಲ್ಲಿ ನಡೆಯುತ್ತದೆ. ಅಂಗಡಿಯ ಗಾಜು ನೋಡಿ ಒಂದು ದೇಶದ ಸ್ಥಿತಿಗತಿ ಅಳೆಯಲು ಹೊರಟ ಯಾರಿಗಾದರೂ ಇದು ಎಚ್ಚರಿಕೆ. ಇಂದಿನ ದುಬೈಗೂ ಇದು ಸಲ್ಲುತ್ತದೆ, ಬೆಂಗಳೂರಿಗೂ ಸಲ್ಲುತ್ತದೆ.

ವಾರಕ್ಕೊಂದು ಊರಿನಲ್ಲಿ ಒಂದು ದಿನ ಸಂತೆ ಎಂಬ ಏರ್ಪಾಟಿಗೂ ಆತ ದೂರಿದ ವಿರಳ ಮನೆಗಳಿಗೂ ಸಂಬಂಧವಿದೆ. ಮಲೆನಾಡಿನವನ ಮನೆ ಆತನ ತೋಟದ, ಗದ್ದೆಯ ತಲೆಯಲ್ಲಿ ಇರುತ್ತದೆ. ನೀರು ಎಲ್ಲಿದೆಯೋ ಅಲ್ಲಿ ಮನೆ. ನೆರೆಮನೆಗೆ ಹೋಗಬೇಕಾದರೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಹೀಗೆ ಚೆದುರಿದ ಜನರನ್ನು ನಂಬಿ ದಿನವೂ ಅಂಗಡಿ ತೆರೆದು ಕೂತರೆ ವ್ಯಾಪಾರಿಗೆ ಗಿಟ್ಟುವುದಿಲ್ಲ. ಆದ್ದರಿಂದ ವ್ಯಾಪಾರಿ ಶುಕ್ರವಾರ ಒಂದೆಡೆ, ಭಾನುವಾರ ಇನ್ನೊಂದೆಡೆ ತಿರುಗುತ್ತಾನೆ. ಜನ ಅವತ್ತು ಅಲ್ಲಿ ಕೂಡುತ್ತಾರೆ. ಉಪ್ಪು ಕೊಳ್ಳುವುದರ ಜೊತೆಗೆ ಮಗಳ ಮನೆಯ ಸುದ್ದಿಯೂ ಅಲ್ಲೇ ಸಿಗುತ್ತದೆ. ಪಿಯೆತ್ರೊ ಮನೆಗಳ ವಿರಳತೆಯನ್ನೂ ಸಂತೆಯ ಗದ್ದಲವನ್ನೂ ಕಂಡ. ಒಂದು ಇನ್ನೊಂದರಿಂದ ಹುಟ್ಟಿದ್ದು ಎಂಬುದನ್ನು ಮಾತ್ರ ಗಮನಿಸಿದಂತೆ ಕಾಣುವುದಿಲ್ಲ. ನೋಡುವುದು ಒಂದು, ಕೂಡಿಸಿ ನೋಡುವುದು ಇನ್ನೊಂದು.

ಸಂಜೆ ಇಕ್ಕೇರಿಗೆ ಹಿಂದಿರುಗುವಾಗ ಬೀದಿಯಲ್ಲಿ ವಾದ್ಯದ ಸದ್ದು ಕೇಳಿಸಿತು. ಒಬ್ಬ ಹೆಂಗಸು ಕುದುರೆಯ ಮೇಲೆ ಬರುತ್ತಿದ್ದಳು. ಮುಖಕ್ಕೆ ಮರೆಯಿರಲಿಲ್ಲ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು. ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತ, ಕೇಳಿದವರ ಮನಸ್ಸು ಕರಗುವಂತೆ ರಾಗವಾಗಿ ಏನನ್ನೋ ಹೇಳಿಕೊಳ್ಳುತ್ತ ಸಾಗುತ್ತಿದ್ದಳು. ಏನೆಂದು ವಿಚಾರಿಸಿದಾಗ ತಿಳಿಯಿತು: ಗಂಡ ತೀರಿಕೊಂಡಿದ್ದಾನೆ, ಆಕೆ ಸಹಗಮನಕ್ಕೆ ನಿರ್ಧರಿಸಿದ್ದಾಳೆ, ಈಗ ಊರಿಗೆ ವಿದಾಯ ಹೇಳುತ್ತಿದ್ದಾಳೆ.

ಹುಲಿಕಲ್ಲಿನ ಮಗ್ಗುಲಲ್ಲೇ ಮಾಸ್ತಿಕಟ್ಟೆ ಇದೆ. ಆ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ದಿನವೂ ಓದುವ ಮಕ್ಕಳು ಬಹಳ. ಮಾಸ್ತಿ ಎಂದರೆ ಮಹಾಸತಿ. ಮಲೆನಾಡಿನ ಎಷ್ಟೋ ಊರುಗಳ ಗದ್ದೆಯ ಅಂಚಿನಲ್ಲಿ, ಗುಡಿಯ ಹಿಂದೆ ಮಾಸ್ತಿಕಲ್ಲುಗಳು ನಿಂತಿವೆ. ಕಲ್ಲಿನ ಕಂಬದಿಂದ ಚಾಚಿ ಮೇಲಕ್ಕೆ ಮಡಿಸಿದ ಒಂದು ಬಳೆ ತೊಟ್ಟ ಕೈ. ಹಲವು ಕಲ್ಲುಗಳಲ್ಲಿ ಆ ಕೈಯಲ್ಲಿ ನಿಂಬೆಹಣ್ಣು, ಕೆಲವದರಲ್ಲಿ ಕನ್ನಡಿಯೂ ಉಂಟು. ಕಲ್ಲುಕುಟಿಗ ಅದನ್ನು ಕಲ್ಪನೆಯಿಂದ ಕೆತ್ತಲಿಲ್ಲ. ಕೆತ್ತನೆಯಲ್ಲಿ ಇದ್ದದ್ದೇ ಬೀದಿಯಲ್ಲೂ ಇತ್ತು ಎಂಬುದಕ್ಕೆ ರೋಮಿನವನ ಪತ್ರ ಸಾಕ್ಷಿ.

ಬೇರೆ ಪ್ರವಾಸಿಯಾಗಿದ್ದರೆ ವಿಚಿತ್ರವೊಂದನ್ನು ಕಂಡೆ ಎಂದು ಬರೆದು ಮಲಗುತ್ತಿದ್ದ. ಈತ ಹಾಗೆ ಮಾಡಲಿಲ್ಲ. ನಾಲ್ಕು ದಿನ ಕಳೆದು, ನವೆಂಬರ್ 16ರಂದು, ಆಕೆ ಇನ್ನೂ ಇದ್ದಾಳೆ ಎಂದು ತಿಳಿದಾಗ ದುಭಾಷಿಯನ್ನು ಕರೆದುಕೊಂಡು ಆಕೆಯ ಮನೆಯನ್ನೇ ಹುಡುಕಿಕೊಂಡು ಹೋದ. ಅಂಗಳದಲ್ಲಿ ಜನ, ವಾದ್ಯ. ಬಿಳಿಯ ಬಟ್ಟೆ ಉಟ್ಟು, ಹೂ ಮುಡಿದು ಆಕೆ ನಡುವೆ ಕೂತಿದ್ದಳು. ಮುಖದಲ್ಲಿ ಅಳುಕಿರಲಿಲ್ಲ, ಬಂದವರೊಡನೆ ನಗುತ್ತ ಮಾತನಾಡುತ್ತಿದ್ದಳು. ಪರದೇಶದವನು ಬಂದನೆಂದು ಎದ್ದು ಹತ್ತಿರ ಬಂದು ಮಾತಿಗೆ ನಿಂತಳು.

ಆತ ಹೆಸರು ಕೇಳಿದ. ಇಟಲಿಯ ಅಕ್ಷರಗಳಲ್ಲಿ ಆತ ಬರೆದುಕೊಂಡದ್ದು ನಮ್ಮ ಜಕ್ಕಮ್ಮ ಎಂಬ ಹೆಸರಿಗೆ ಸರಿಹೊಂದುತ್ತದೆ. ತೆಲುಗು ಮೂಲದ ಜನ. ಗಂಡ ಡೋಲು ಬಾರಿಸುವವನಾಗಿದ್ದ. ಇಬ್ಬರು ಸಣ್ಣ ಮಕ್ಕಳು. ಪಿಯೆತ್ರೊ ತನಗೆ ತೋಚಿದ ಮಾತನ್ನೆಲ್ಲ ಹೇಳಿದ. ಇನ್ನೂ ವಯಸ್ಸಿದೆ, ಬದುಕು ಇದೆ, ಮಕ್ಕಳನ್ನು ಯಾರಿಗೆ ಬಿಡುತ್ತೀ ಎಂದು ಕೇಳಿದ. ಬಂಧುಗಳಿದ್ದಾರೆ, ನೋಡಿಕೊಳ್ಳುತ್ತಾರೆ ಎಂದಳು. ಯಾರಾದರೂ ಬಲವಂತ ಮಾಡಿದ್ದಾರೆಯೇ ಎಂದು ಕೇಳಿದ. ಇಲ್ಲ, ತನ್ನ ಇಷ್ಟದಿಂದಲೇ ಎಂದಳು. ಅದನ್ನೇ ಆತ ಸುತ್ತಲಿದ್ದವರಲ್ಲೂ ಕೇಳಿ ನೋಡಿದ. ಅವರೂ ಅದನ್ನೇ ಹೇಳಿದರು. ಮಾತು ಸೋತಿತು. ಹೊರಡುವಾಗ, ನಿನ್ನ ಹೆಸರನ್ನು ಲೋಕಕ್ಕೆ ತಿಳಿಯುವಂತೆ ಮಾಡುತ್ತೇನೆ ಎಂದು ಆಕೆಗೆ ಮಾತು ಕೊಟ್ಟ.

ಹೆಂಡತಿಯ ದೇಹವನ್ನು ಮಣ್ಣಿಗೆ ಕೊಡಲಾರದೆ ಸಮುದ್ರ ದಾಟಿಸಿ ತಂದಿದ್ದ ಗಂಡಸು ಒಬ್ಬ, ಗಂಡನ ಹಿಂದೆ ಬೆಂಕಿಗೆ ಹೊರಟ ಹೆಂಗಸು ಒಬ್ಬಳು. ಇಬ್ಬರೂ ಇಕ್ಕೇರಿಯ ಒಂದು ಅಂಗಳದಲ್ಲಿ ಎದುರು ಬದುರು ನಿಂತಿದ್ದರು. ಆತನ ದುಃಖಕ್ಕೆ ಊರೂರು ಸುತ್ತುವ, ಪತ್ರ ಬರೆಯುವ, ಇನ್ನೂ ಬದುಕುವ ದಾರಿಗಳಿದ್ದವು. ಆಕೆಯ ಮುಂದೆ ಊರು ಇಟ್ಟಿದ್ದ ಗೌರವದ ದಾರಿ ಒಂದೇ. ಆಕೆಯ ಧೈರ್ಯಕ್ಕೆ ಪಿಯೆತ್ರೊ ಮಾರುಹೋದ. ಆದರೆ ಇಂದಿನ ಓದುಗ ಅಲ್ಲಿಗೇ ನಿಲ್ಲಬೇಕಾಗಿಲ್ಲ. ಸುತ್ತಲಿನವರೆಲ್ಲ ವಾದ್ಯ ಬಾರಿಸಿ, ಹೂ ಮುಡಿಸಿ, ಕೊಂಡಾಡುತ್ತಿರುವಾಗ ತನ್ನ ಇಷ್ಟ ಎಂಬ ಮಾತಿಗೆ ಎಷ್ಟು ಅರ್ಥ ಉಳಿಯುತ್ತದೆ? ಆ ಇಬ್ಬರು ಮಕ್ಕಳ ಇಷ್ಟವನ್ನು ಯಾರು ಕೇಳಿದರು? ಬಂಗಾಳದಲ್ಲಿ 1829ರಲ್ಲಿ ಸತಿಪದ್ಧತಿಗೆ ಕಾನೂನಿನ ತಡೆ ಬಿತ್ತು. ಮರುವರ್ಷ ಮದರಾಸು, ಮುಂಬಯಿ ಪ್ರಾಂತಗಳಿಗೂ ಅದು ಬಂತು. 1987ರ ಕಾಯಿದೆ ಸತಿಯನ್ನು ಕೊಂಡಾಡುವುದನ್ನೂ ಅಪರಾಧವೆಂದಿತು. ಆ ಅಂಗಳದಲ್ಲಿದ್ದ ವಾದ್ಯ ಮತ್ತು ಹೂವಿನ ಪಾಲು ಎಷ್ಟು ಎಂಬುದು ಕಾನೂನಿಗೂ ಅರ್ಥವಾಗಲು ಅಷ್ಟು ಕಾಲ ಬೇಕಾಯಿತು.

ಒಂದು ಮಾತನ್ನಂತೂ ಒಪ್ಪಲೇಬೇಕು. ಡೋಲಿನವನ ಹೆಂಡತಿಯ ಹೆಸರನ್ನು ಯಾವ ಅರಮನೆಯ ಕವಿಯೂ ಬರೆಯಲಿಲ್ಲ. ಮಾಸ್ತಿಕಲ್ಲುಗಳಲ್ಲಿ ಬಹಳಷ್ಟಕ್ಕೆ ಹೆಸರೇ ಇಲ್ಲ. ನಾಲ್ಕು ನೂರು ವರ್ಷಗಳ ಮೇಲೆ ಜಕ್ಕಮ್ಮ ಎಂದು ಕರೆಯಲು ಸಾಧ್ಯವಾಗಿರುವುದು ಬೀದಿಯಲ್ಲಿ ಕಂಡ ಹೆಂಗಸೊಬ್ಬಳ ಮನೆಗೆ ಹೋಗಿ ಪರದೇಶಿಯೊಬ್ಬ ಹೆಸರು ಕೇಳಿ ಬರೆದುಕೊಂಡದ್ದರಿಂದ.

ಈ ಪ್ರವಾಸದಲ್ಲಿ ಆತ ಕಂಡದ್ದೆಲ್ಲ ಇಷ್ಟು ಭಾರವಾದದ್ದಲ್ಲ. ಬಣ್ಣದ ಕೋಲು ಹಿಡಿದ ಹುಡುಗಿಯರು ಸುತ್ತು ಕಟ್ಟಿ ಕುಣಿಯುವುದನ್ನು ನೋಡಿದ. ಹಾಡಿನ ಕೊನೆಗೆ ಅವರು 'ಕೋಲೆ' ಎನ್ನುತ್ತಿದ್ದುದನ್ನೂ ಕಿವಿಗೊಟ್ಟು ಕೇಳಿ ಬರೆದುಕೊಂಡ. ಶಾಲೆಯ ವಾರ್ಷಿಕೋತ್ಸವದಲ್ಲಿ ಕೋಲಾಟವಾಡುವ ಹುಡುಗಿಯರಿಗೆ ಇದು ಹೇಳಬೇಕಾದ ಸಂಗತಿ. ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆಯುವವರನ್ನು ಕಂಡು, ತನ್ನೆದುರಿಗೇ ಒಂದು ಮಾದರಿ ಬರೆಸಿ ಜೋಪಾನವಾಗಿ ಇಟ್ಟುಕೊಂಡ. ಸಂತೆಯಲ್ಲಿ ಸಿಗದ ಸಾಮಾನು ಅದು.

ವಿದ್ಯಾರ್ಥಿಗಳು ಮರೆಯಬಾರದ್ದು ಇನ್ನೊಂದಿದೆ. ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಕೂತು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣುಪಾದ ಮರಳು ಹರಡಿತ್ತು. ಒಬ್ಬ ಪಾಠದ ಒಂದು ಸಾಲನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಬರೆಯುವನು. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲ ತುಂಬಿದರೆ ಕೈಯಿಂದ ಅಳಿಸಿ, ಬೇಕಾದರೆ ಇನ್ನಷ್ಟು ಮರಳು ಉದುರಿಸಿ, ಮತ್ತೆ ಮುಂದಿನ ಸಾಲು. ಕಾಗದವಿಲ್ಲ, ಲೇಖನಿಯಿಲ್ಲ, ಮಸಿಯಿಲ್ಲ. ಗುರುಗಳೂ ಹತ್ತಿರವಿಲ್ಲ. ಪಿಯೆತ್ರೊಗೆ ಸಂಶಯ ಬಂತು. ತಪ್ಪಿದರೆ, ಮರೆತರೆ ತಿದ್ದುವವರು ಯಾರು ಎಂದು ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ, ಅದಕ್ಕೇ ಕೂಡಿ ಕಲಿಯುವುದು ಎಂದು ಹುಡುಗರು ಉತ್ತರ ಕೊಟ್ಟರು. ಹುಡುಗರ ಮಾತು ನಿಜ ಎಂದು ರೋಮಿನ ವಿದ್ವಾಂಸ ಒಪ್ಪಿಕೊಂಡ.

ಇದರ ನಂತರ ನೂರೈವತ್ತು ವರ್ಷಕ್ಕೂ ಮೇಲೆ, ಮದರಾಸಿನ ಅನಾಥ ಮಕ್ಕಳ ಶಾಲೆಯೊಂದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಇದೇ ರೀತಿ ಮರಳಿನ ಮೇಲೆ ಬರೆಯುವ ಇಲ್ಲಿನ ಮಕ್ಕಳನ್ನು ಕಂಡ. ಮಕ್ಕಳೇ ಮಕ್ಕಳಿಗೆ ಕಲಿಸುವ ಕ್ರಮವನ್ನು ತನ್ನ ಶಾಲೆಯಲ್ಲಿ ತಂದು, 1797ರಲ್ಲಿ ಅದರ ಮೇಲೆ ಪುಸ್ತಕ ಪ್ರಕಟಿಸಿದ. ಅದು ಇಂಗ್ಲೆಂಡಿನಲ್ಲಿ ಮದರಾಸು ಪದ್ಧತಿ ಎಂದೇ ಹೆಸರಾಗಿ ಬಡ ಮಕ್ಕಳ ಶಾಲೆಗಳಲ್ಲಿ ಹರಡಿತು. ಮಗು ಒಬ್ಬನೇ ಕೋಣೆಯ ಬಾಗಿಲು ಹಾಕಿಕೊಂಡು ಓದಿದರೇ ಅಂಕ ಬರುತ್ತದೆ ಎಂದು ನಂಬಿದ ತಂದೆತಾಯಿಗಳು ಆ ಜಗಲಿಯ ನಾಲ್ವರನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಗುಡಿಯ ಜಗಲಿಯ ಆ ಶಾಲೆಗೆ ಯಾರ ಮಕ್ಕಳು ಬರಬಹುದಿತ್ತು, ಯಾರ ಮಕ್ಕಳು ಬರುವಂತಿರಲಿಲ್ಲ ಎಂಬುದನ್ನೂ ಜೊತೆಗೇ ನೆನೆಯಬೇಕು. ಡೋಲಿನವನ ಮಗ ಅಲ್ಲಿ ಕೂತಿರಲಾರ.

ಪಿಯೆತ್ರೊ ಬರೆದದ್ದೆಲ್ಲ ಸರಿ ಎಂದು ಯಾರೂ ಹೇಳುವುದಿಲ್ಲ. ಆತನಿಗೆ ಕನ್ನಡ ಬರುತ್ತಿರಲಿಲ್ಲ. ದುಭಾಷಿ ಹೇಳಿದಷ್ಟೇ ಆತನಿಗೆ ದಕ್ಕಿದ್ದು. ತನ್ನ ಧರ್ಮವೇ ದೊಡ್ಡದು, ತನ್ನ ದೇಶದ ಅರಮನೆಯೇ ಅರಮನೆ ಎಂಬ ಗರ್ವ ಪುಟಪುಟದಲ್ಲಿ ಕಾಣುತ್ತದೆ. ವೆಂಕಟಪ್ಪ ನಾಯಕನನ್ನು ನಿಜವಾದ ರಾಜನೆಂದು ಒಪ್ಪಲು ಆತನಿಗೆ ಮನಸ್ಸಿಲ್ಲ. ಆದರೂ ಆತನ ಪತ್ರಗಳು ಉಳಿದುಕೊಂಡವು. ಆತ ನೋಡಿದ ಇಕ್ಕೇರಿ ಉಳಿಯಲಿಲ್ಲ. ಮಣ್ಣು ಮರಗಳಿಂದ ಕಟ್ಟಿ, ಕೆತ್ತನೆ ಮಾಡಿ, ಚಿನ್ನದ ಬಣ್ಣ ಬಳಿದಿದ್ದ ಅರಮನೆ ಮಲೆನಾಡಿನ ಮಳೆಗೆ ಕರಗಿ ಹೋಯಿತು. ಮೂರು ಸುತ್ತಿನ ಆವರಣ ಹೋಯಿತು. ಬಿದನೂರನ್ನೂ 1763ರಲ್ಲಿ ಹೈದರಾಲಿ ಗೆದ್ದುಕೊಂಡ. ಇಂದು ಇಕ್ಕೇರಿಗೆ ಹೋದವರಿಗೆ ಕಾಣುವುದು ಕಲ್ಲಿನ ಅಘೋರೇಶ್ವರ ದೇವಸ್ಥಾನ ಒಂದೇ. ಸುತ್ತ ಇದ್ದ ಊರನ್ನು ನೋಡಬೇಕಾದರೆ ಪರದೇಶಿಯೊಬ್ಬನ ಪತ್ರವನ್ನೇ ತೆರೆಯಬೇಕು.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ಸುತ್ತಿದವನು ಬರೆದಿಟ್ಟರೆ ಮಾತ್ರ ಮುಂದಿನವನಿಗೆ ಓದಲು ಕೋಶ ಸಿಗುತ್ತದೆ ಎಂಬುದನ್ನು ಅದಕ್ಕೆ ಸೇರಿಸಬಹುದು. ಹೊರಗೆ ಹೋದ ಮಕ್ಕಳಿಗೆ ಇದು ಕಷ್ಟದ ಕೆಲಸವೇನಲ್ಲ. ಸಂತೆ ಯಾವ ವಾರ, ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಮಕ್ಕಳು ಎಲ್ಲಿ ಕೂತು ಹೇಗೆ ಕಲಿಯುತ್ತಾರೆ, ಬೀದಿ ಗುಡಿಸುವವಳ ಹೆಸರೇನು, ಆಕೆ ಯಾವ ದೇಶದಿಂದ ಬಂದವಳು, ಅವಳ ಮಕ್ಕಳು ಎಲ್ಲಿದ್ದಾರೆ. ಇವಕ್ಕೆ ದುಡ್ಡು ಬೇಕಾಗಿಲ್ಲ. ನಿಂತು ಕೇಳುವಷ್ಟು ಪುರುಸೊತ್ತು ಬೇಕು.

ಹೊರಗೆ ಹೋಗದ ಮಕ್ಕಳಿಗೂ ಅವಕಾಶವಿದೆ. ರಜೆಯ ಒಂದು ದಿನ ಇಕ್ಕೇರಿಗೆ ಹೋಗಿ, ಗುಡಿಯ ಹೊರಗೆ ನಿಂತು, ಬಿದಿರ ಮೆಳೆಯ ಊರು ಎಲ್ಲಿಂದ ಎಲ್ಲಿಯವರೆಗೆ ಇದ್ದಿರಬಹುದು ಎಂದು ಅಂದಾಜು ಮಾಡಬಹುದು. ಅಲ್ಲಿಂದ ಸಾಗರ ದಾಟಿ ಕೆಳದಿಗೆ ಹೋದರೆ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ. ಹಿಂದಿರುಗುವಾಗ ತಮ್ಮೂರಿನ ಮಾಸ್ತಿಕಲ್ಲನ್ನು ನೋಡಬಹುದು. ಕೈಯಲ್ಲಿ ನಿಂಬೆಹಣ್ಣು ಇದೆಯೇ, ಕನ್ನಡಿ ಇದೆಯೇ, ಕೆಳಗೆ ಅಕ್ಷರವೇನಾದರೂ ಇದೆಯೇ ಎಂದು ಪಾಚಿ ಒರೆಸಿ ನೋಡಿ, ಊರಿನ ಅಜ್ಜ ಅಜ್ಜಿಯರನ್ನು ವಿಚಾರಿಸಿ ಬರೆದುಕೊಳ್ಳಬಹುದು. ಬರೆಯುವಾಗ ಇಸವಿ, ತಿಂಗಳು, ದಿನ ಹಾಕುವುದನ್ನು ಮರೆಯಬಾರದು. ಸಾಗರದಲ್ಲಿ ಒಂದು ಕಾಲಕ್ಕೆ ಭಾನುವಾರ ಸಂತೆ ಸೇರುತ್ತಿತ್ತು ಎಂಬುದು ನಮಗೆ ಗೊತ್ತಾದದ್ದು ರೋಮಿನವನು ದಿನ ಹಾಕಿದ್ದರಿಂದಲೇ.